ಇಬ್ಬರು ಅಜ್ಜಿಯರ ನಾಟಕಕ್ಕೋಸ್ಕರವೇ ತಗೊಳ್ಳಬಹುದಾದ ಪುಸ್ತಕ

ನಾಟಕ ಮಾಡುವವರು, ಅಜ್ಜಿ ಕಥೆಗಳ ಹುಚ್ಚಿರುವವರು ಈ ಪುಸ್ತಕ ಹುಡುಕಿ ತಗೊಳ್ಳಿ. ಹೆಸರು ‘ಪ್ಲೇಸ್ ಬೈ ಫ್ರೆಂಚ್ ಅಂಡ್ ಫ್ರಾಂಕೋಫೋನ್ ವಿಮೆನ್’, ಅಂದರೆ ಫ್ರಾನ್ಸಿನ ಮತ್ತು ಫ್ರೆಂಚ್ ಮಾತಾಡುವ ಬೇರೆ ನಾಡುಗಳ ಹೆಂಗಸರು ಬರೆದ ನಾಟಕಗಳು. 1994ರಲ್ಲಿ ಮಿಶಿಗನ್ ಯೂನಿವರ್ಸಿಟಿ ಪ್ರೆಸ್ ತಂದದ್ದು. ಎಲೆನ್ ಸಿಕ್ಸೂ, ಆಂದ್ರೆ ಶೆಡಿದ್ ಎಂಬ ಇಬ್ಬರು ಹೆಸರಾಂತ ಫ್ರೆಂಚ್ ಲೇಖಕಿಯರ ನಾಟಕಗಳೂ ಇದರಲ್ಲಿವೆ. ನಾನು ತಗೊಂಡಿದ್ದು ಮಾತ್ರ ಇನಾ ಸೆಜೇರ್ ಅವರ ‘ಐಲ್ಯಾಂಡ್ ಮೆಮೊರೀಸ್’ಗಾಗಿ.

ಇನಾ ಕೆರಿಬಿಯನ್‌ನ ಮಾರ್ಟಿನಿಕ್ ದ್ವೀಪದವರು. ಎಲ್ಲರೂ ಮೊದಲು ಹೇಳುವುದು ಕವಿ ಎಮೆ ಸೆಜೇರ್ ಅವರ ಮಗಳು ಅಂತ, ಆದರೆ ಆಕೆಯ ಕೆಲಸವೇ ಸಾಕಷ್ಟು ದೊಡ್ಡದು. ಜನಜೀವನ ಅಧ್ಯಯನ ಮಾಡಿದವರು, ಬಾಯಿಂದ ಬಾಯಿಗೆ ಬಂದ ದ್ವೀಪದ ಕಥೆಗಳನ್ನು ಜೋಯೆಲ್ ಲೋರಾಂ ಜೊತೆ ಸೇರಿ 1976ರಲ್ಲೇ ಅಲ್ಲಿನ ಆಡುಮಾತಾದ ಕ್ರಿಯೋಲ್ ಮತ್ತು ಫ್ರೆಂಚ್ ಎರಡರಲ್ಲೂ ಅಚ್ಚು ಹಾಕಿಸಿದವರು. ಅಲ್ಲಿ ಕಥೆ ಹೇಳುವವರು ನಡುನಡುವೆ ‘ಕ್ರಿಕ್’ ಅಂತಾರೆ, ಕೇಳುವವರು ‘ಕ್ರಾಕ್’ ಅನ್ನಬೇಕು. ನಮ್ಮಲ್ಲೂ ಹೂಂಗುಟ್ಟದಿದ್ದರೆ ಅಜ್ಜಿ ಕಥೆ ನಿಲ್ಲಿಸಿಬಿಡ್ತಿದ್ದರು, ಅಲ್ವಾ?

ನಾಟಕದಲ್ಲಿ ಇರುವುದು ಇಬ್ಬರೇ ಮುದುಕಿಯರು. ಓರ್ ಅನ್ನುವವರು ಟೀಚರ್ ಆಗಿದ್ದವರು, ಎರ್ಮಾಂಸ್ ಅನ್ನುವವರು ಕಷ್ಟದ ಮನೆಯಲ್ಲಿ ಬೆಳೆದವರು. ಜಗಲಿಯಲ್ಲಿ ಕೂತು ಹಳೆಯದನ್ನೆಲ್ಲ ನೆನೆಯುತ್ತಾರೆ, ಅಷ್ಟೇ. ತನ್ನ ಅಜ್ಜಿಯರೂ ಸೇರಿದಂತೆ ಅಲ್ಲಿನ ವಯಸ್ಸಾದ ಹೆಂಗಸರ ಮಾತು ಕೇಳಿ ಕೇಳಿ ಇನಾ ಇದನ್ನು ಕಟ್ಟಿದ್ದಾರೆ, ಆದರೆ ಎಲ್ಲೂ ‘ನೋಡಿ, ಇದು ನಮ್ಮ ಜಾನಪದ’ ಅಂತ ಮ್ಯೂಸಿಯಂ ಬೋರ್ಡ್ ತಗುಲಿಸಿಲ್ಲ. ನನಗೆ ತುಂಬಾ ಹಿಡಿಸಿದ್ದು ಇದೇ. ಕೂಡಿಸಿದ ಮಾತನ್ನು ಮತ್ತೆ ಮನುಷ್ಯರ ಬಾಯಿಗೇ ವಾಪಸ್ ಕೊಟ್ಟಿದ್ದಾರೆ.

ಒಂದು ಭಾನುವಾರ ಬಸವನಗುಡಿಯ ನಮ್ಮ ಮನೆಯಲ್ಲಿ ತಂಡದವರೆಲ್ಲ ಕೂತು, ಅಲ್ಲಲ್ಲೇ ಕನ್ನಡ ಮಾಡಿಕೊಂಡು ಜೋರಾಗಿ ಓದಿದೆವು. ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದ ನಮ್ಮತ್ತೆ ಮಧ್ಯದಲ್ಲಿ, ‘ಆ ಟೀಚರಮ್ಮ ಯಾಕೆ ಅಷ್ಟು ಅಳೆದು ತೂಗಿ ಮಾತಾಡ್ತಾರೆ? ಇನ್ನೊಬ್ಬರು ಎಷ್ಟು ಸಲೀಸಾಗಿ ನಗ್ತಾರೆ ನೋಡು’ ಅಂದರು. ಇಡೀ ನಾಟಕ ನಿಂತಿರುವುದೇ ಅದರ ಮೇಲೆ! ಓದು, ಮೈಬಣ್ಣ, ಮರ್ಯಾದೆ ಇವೆಲ್ಲ ಒಬ್ಬ ಹೆಂಗಸಿನ ದನಿಯನ್ನು ಹೇಗೆ ಬಿಗಿ ಮಾಡುತ್ತವೆ ಅನ್ನುವುದನ್ನು ಯಾರೂ ಭಾಷಣ ಮಾಡದೆ ಬರೀ ಮಾತಿನ ಧಾಟಿಯಲ್ಲೇ ತೋರಿಸುತ್ತದೆ.

ಕೊರತೆಗಳೂ ಇವೆ. ಮುನ್ನುಡಿ ಕಾಲೇಜು ಪಾಠದ ಥರ ಇದೆ, ನಾಟಕ ಓದಿದ ಮೇಲೆ ಓದಿದರೆ ವಾಸಿ. ಜಗಳ, ತಿರುವು ಬೇಕು ಅನ್ನುವವರಿಗೆ ನಾಟಕವೇ ನಿಧಾನ ಅನ್ನಿಸಬಹುದು. ನಾನು ಆನ್‌ಲೈನ್‌ನಲ್ಲಿ ಹಳೇ ಪ್ರತಿ ತರಿಸಿದೆ. ಮಾರಿದವರು ಸುಮ್ನೆ ಒಂದು ತೆಳು ಕವರ್‌ಗೆ ಹಾಕಿ ಕಳಿಸಿದ್ದರಿಂದ ಮೂಲೆಯೆಲ್ಲ ಮಡಚಿಹೋಗಿತ್ತು. ನೀವು ತರಿಸುವಾಗ ಪ್ಯಾಕಿಂಗ್ ಬಗ್ಗೆ ಮೊದಲೇ ಹೇಳಿಬಿಡಿ. ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದಂಗಡಿಗಳಲ್ಲೂ ಒಮ್ಮೆ ಕೇಳಿ ನೋಡಿ.

ಬೆಂಗಳೂರಿನ ಹವ್ಯಾಸಿ ತಂಡಗಳು ಇದನ್ನು ಕನ್ನಡದಲ್ಲಿ ಮಾಡಲೇಬೇಕು. ದೊಡ್ಡ ಸೆಟ್ ಬೇಡ, ಜಾಸ್ತಿ ಜನ ಬೇಡ. ಅರವತ್ತು ದಾಟಿದ ನಟಿಯರಿಗೆ ನಮ್ಮಲ್ಲಿ ಇಂಥ ಪಾತ್ರ ಸಿಗುವುದೇ ಅಪರೂಪ. ಓದಿ ನೋಡುವ ತಂಡದವರಿಗೆ ನನ್ನ ಪ್ರತಿ ಕೊಡ್ತೀನಿ, ಪ್ರದರ್ಶನ ಮಾಡುವುದಾದರೆ ಮಾತ್ರ ಹಕ್ಕುದಾರರ ಅನುಮತಿ ಮೊದಲು ತಗೊಳ್ಳಿ.