ವಿಮೆ ಆ್ಯಪ್‌ನ ಚಾಟ್‌ಬಾಟ್ ‘ಹೌದು’ ಅಂದಿತು ಅಂತ ಆಪರೇಷನ್ ಮಾಡಿಸಬೇಡಿ

ಅಮ್ಮನ ಬಲಗಣ್ಣಿಗೆ ಪೊರೆ ಬಂದಿತ್ತು. ಡಾಕ್ಟರು ನೋಡಿ, “ಅವಸರ ಏನಿಲ್ಲ, ಒಂದು ವರ್ಷ ಬಿಟ್ಟು ಮಾಡಿಸಿದರೂ ನಡೆಯುತ್ತೆ” ಎಂದಿದ್ದರು. ಆದರೂ ನಾನು ಮುಂದಿನ ವಾರವೇ ಮಾಡಿಸಿದೆ. ನಮ್ಮ ಆರೋಗ್ಯ ವಿಮೆ ಕಂಪನಿಯ ಆ್ಯಪ್‌ನಲ್ಲಿರುವ ಎಐ ಸಹಾಯಕ, ಖರ್ಚು ಸಿಗುತ್ತದೆ ಎನ್ನುವ ಹಾಗೆ ಉತ್ತರ ಕೊಟ್ಟಿತ್ತು. ಸಿಗಲಿಲ್ಲ. 46,000 ರೂಪಾಯಿ ಕೈಯಿಂದ ಹೋಯಿತು. ಅಪ್ಪ ಅಮ್ಮನ ಹೆಸರಿನಲ್ಲಿ ಪಾಲಿಸಿ ಮಾಡಿಸಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಾನು ಕೇಳಿದ್ದು ಇಷ್ಟೇ: “ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಮಾಡಿಸಬೇಕು. ನಮ್ಮ ಪಾಲಿಸಿಯಲ್ಲಿ ಕವರ್ ಆಗುತ್ತಾ?” ಎರಡು ಸೆಕೆಂಡಿನಲ್ಲಿ ಉತ್ತರ ಬಂತು. “ಹೌದು, ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆ ಡೇ ಕೇರ್ ಅಡಿಯಲ್ಲಿ ಬರುತ್ತದೆ. 24 ಗಂಟೆ ಅಡ್ಮಿಟ್ ಆಗಬೇಕಿಲ್ಲ.” ಜೊತೆಗೆ ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ಲೆನ್ಸಿನ ಸ್ಟಿಕ್ಕರ್ ಎಲ್ಲ ಜೋಪಾನವಾಗಿ ಇಟ್ಟುಕೊಳ್ಳಿ ಎಂದೂ ಹೇಳಿತು. ಸ್ಟಿಕ್ಕರ್‌ವರೆಗೂ ಹೇಳಿದ ಮೇಲೆ ಅನುಮಾನ ಯಾಕೆ ಬರುತ್ತೆ? ಆ ಧೈರ್ಯದಲ್ಲೇ ಸ್ವಲ್ಪ ಜಾಸ್ತಿ ಬೆಲೆಯ ಲೆನ್ಸ್ ಹಾಕಿಸಿದೆ.

ಮೂರು ವಾರಕ್ಕೆ ಕ್ಲೈಮ್ ತಿರಸ್ಕರಿಸಿದ ಪತ್ರ ಬಂತು. ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಬದಲಾವಣೆ, ಇಂಥ ಕೆಲವಕ್ಕೆ ವೇಟಿಂಗ್ ಪಿರಿಯಡ್ ಇರುತ್ತದೆ, ಅಂದರೆ ಪಾಲಿಸಿ ಶುರುವಾಗಿ ಇಷ್ಟು ತಿಂಗಳು ಕಳೆಯುವವರೆಗೆ ಕ್ಲೈಮ್ ಸಿಗಲ್ಲ. ನಮ್ಮ ಪಾಲಿಸಿಯಲ್ಲಿ ಅದು 24 ತಿಂಗಳು. ನಾವು ಪಾಲಿಸಿ ತೆಗೆದುಕೊಂಡು ಆಗಿದ್ದು 14 ತಿಂಗಳು. ಅಂದರೆ ಬಾಟ್ ಹೇಳಿದ ಒಂದೊಂದು ಮಾತೂ ನಿಜವೇ. ಪೊರೆ ಆಪರೇಷನ್ ಪಾಲಿಸಿಯಲ್ಲಿ ಇದೆ, ಆದರೆ ಈಗ ಸಿಗಲ್ಲ. ಆ ‘ಈಗ ಸಿಗಲ್ಲ’ ಅನ್ನುವುದನ್ನೇ ಅದು ಹೇಳಲಿಲ್ಲ. ಹತ್ತು ತಿಂಗಳು ಕಾದಿದ್ದರೆ ಆಗುತ್ತಿತ್ತು. ಡಾಕ್ಟರೇ ಕಾಯಬಹುದು ಎಂದಿದ್ದರಲ್ವಾ? ನನಗೆ ಇವತ್ತಿಗೂ ಸಂಕಟ ಅದೇ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕೂತು ಅದೇ ಬಾಟ್‌ಗೆ ಬೇರೆ ಬೇರೆ ರೀತಿ ಪ್ರಶ್ನೆ ಹಾಕಿದೆ. “ಪಾಲಿಸಿಗೆ 14 ತಿಂಗಳಾಗಿದೆ, ಪೊರೆ ಆಪರೇಷನ್‌ಗೆ ಕ್ಲೈಮ್ ಸಿಗುತ್ತಾ?” ಎಂದರೆ, “24 ತಿಂಗಳು ಕಾಯಬೇಕು” ಎಂದಿತು. ಸರಿಯಾದ ಉತ್ತರ ಅದರ ಹತ್ತಿರ ಇತ್ತು! ಆಮೇಲೆ, “ವೇಟಿಂಗ್ ಪಿರಿಯಡ್ 12 ತಿಂಗಳು ಅಲ್ವಾ?” ಎಂದೆ. “ಹೌದು, ನೀವು ಹೇಳಿದ್ದು ಸರಿ” ಎಂದಿತು. ನಾವು ಯಾವ ಕಡೆ ವಾಲಿದರೆ ಅದೂ ಆ ಕಡೆಗೇ ವಾಲುತ್ತದೆ. ಕೊನೆಗೆ, “ನನ್ನ ಪಾಲಿಸಿ ಶುರುವಾದ ತಾರೀಖು ಯಾವುದು?” ಎಂದು ಕೇಳಿದೆ. “ಆ ಮಾಹಿತಿ ನನ್ನ ಬಳಿ ಇಲ್ಲ” ಎಂಬ ಉತ್ತರ. ನನಗೆ ಕೈಕಾಲು ತಣ್ಣಗಾಯಿತು. ಲಾಗಿನ್ ಆಗಿದ್ದೇನೆ, ನಮ್ಮ ಪಾಲಿಸಿ ನೋಡಿಯೇ ಹೇಳುತ್ತಿದೆ ಎಂದು ನಂಬಿದ್ದೆ. ಅದು ನೋಡಿಯೇ ಇರಲಿಲ್ಲ. ಇಂಥ ಬಾಟ್‌ಗಳು ಕಂಪನಿಯ ಕಾಗದಪತ್ರಗಳಿಂದ ಪ್ರಶ್ನೆಗೆ ಹೊಂದುವ ಒಂದೆರಡು ತುಂಡು ಹುಡುಕಿ ಉತ್ತರ ಕಟ್ಟುತ್ತವೆ. ಡೇ ಕೇರ್ ಪುಟ ಸಿಕ್ಕಿ, ವೇಟಿಂಗ್ ಪಿರಿಯಡ್ ಪುಟ ಸಿಗದಿದ್ದರೂ ಮಾತಿನ ಧಾಟಿ ಮಾತ್ರ ಅಷ್ಟೇ ಗಟ್ಟಿ.

ಹಾಗಾಗಿ ಮೊದಲು ಈ ಪ್ರಶ್ನೆ ಹಾಕಿ: ನನ್ನ ಪಾಲಿಸಿ ಯಾವತ್ತು ಶುರುವಾಯಿತು, ವಿಮೆ ಮೊತ್ತ ಎಷ್ಟು? ಸರಿಯಾಗಿ ಹೇಳದಿದ್ದರೆ ಅದು ನಿಮ್ಮ ಪಾಲಿಸಿ ಬಗ್ಗೆ ಮಾತಾಡುತ್ತಿಲ್ಲ ಎಂದೇ ತಿಳಿಯಿರಿ. ಸರಿಯಾಗಿ ಹೇಳಿದರೂ ಅಲ್ಲಿಗೆ ನಿಲ್ಲಿಸಬೇಡಿ. ಪಾಲಿಸಿ ನಂಬರ್, ಆಪರೇಷನ್ ಹೆಸರು, ಮಾಡಿಸುವ ತಾರೀಖು ಬರೆದು ಕಂಪನಿಗೆ ಇಮೇಲ್ ಮಾಡಿ, “ಈ ತಾರೀಖಿಗೆ ಕ್ಲೈಮ್ ಸಿಗುತ್ತಾ?” ಎಂದು ಕೇಳಿ. ನೆಟ್‌ವರ್ಕ್ ಆಸ್ಪತ್ರೆ (ವಿಮೆ ಕಂಪನಿ ಜೊತೆ ಒಪ್ಪಂದ ಇರುವ ಆಸ್ಪತ್ರೆ) ಆದರೆ ಅಲ್ಲಿನ ಇನ್ಶೂರೆನ್ಸ್ ಡೆಸ್ಕ್‌ನಿಂದ ಮುಂಚೆಯೇ ಪ್ರಿ-ಆಥರೈಸೇಷನ್, ಅಂದರೆ ಖರ್ಚಿಗೆ ಮುಂಗಡ ಒಪ್ಪಿಗೆ ಕೇಳುವ ಅರ್ಜಿ, ಕಳಿಸಿ. ನಮ್ಮದು ನೆಟ್‌ವರ್ಕ್ ಆಸ್ಪತ್ರೆ ಅಲ್ಲ, ಮೊದಲು ದುಡ್ಡು ಕಟ್ಟಿ ಆಮೇಲೆ ಕೇಳಿಕೊಳ್ಳೋಣ ಅಂದುಕೊಂಡೆವು. ಇಲ್ಲದಿದ್ದರೆ ಆಪರೇಷನ್‌ಗೆ ಮುಂಚೆಯೇ ಗೊತ್ತಾಗುತ್ತಿತ್ತು.

ಇನ್ನೊಂದು, ಚಾಟ್‌ನ ಸ್ಕ್ರೀನ್‌ಶಾಟ್ ತೆಗೆಯಿರಿ. ನಾನು ತೆಗೆದಿರಲಿಲ್ಲ. ಹಳೆಯ ಚಾಟ್ ಆ್ಯಪ್‌ನಿಂದ ಮಾಯವಾಗಿತ್ತು. ಎರಡು ಸಲ ಇಮೇಲ್ ಮಾಡಿ ಹಟ ಹಿಡಿದ ಮೇಲೆ ಪ್ರತಿ ಕಳಿಸಿದರು. ಜೊತೆಗೆ, “ಚಾಟ್‌ನಲ್ಲಿ ಕೊಡುವುದು ಸಾಮಾನ್ಯ ಮಾಹಿತಿ, ಪಾಲಿಸಿಯ ಷರತ್ತುಗಳೇ ಅಂತಿಮ” ಎಂಬ ಎರಡು ಸಾಲು.

ಈ ಮಾತಿಗೆ ಸುಮ್ನೆ ತಲೆಯಾಡಿಸಬೇಡಿ. ಕೆನಡಾದಲ್ಲಿ ಏರ್ ಕೆನಡಾದ ಚಾಟ್‌ಬಾಟ್, ಮನೆಯಲ್ಲಿ ಸಾವಾದಾಗ ಸಿಗುವ ಟಿಕೆಟ್ ರಿಯಾಯಿತಿ ಬಗ್ಗೆ ಪ್ರಯಾಣಿಕರೊಬ್ಬರಿಗೆ ತಪ್ಪು ಹೇಳಿತ್ತು. ಅವರು ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದರು. ಚಾಟ್‌ಬಾಟ್ ಹೇಳಿದ್ದಕ್ಕೆ ತಾನು ಹೊಣೆಯಲ್ಲ ಎಂಬ ಕಂಪನಿಯ ವಾದವನ್ನು ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರವರಿಯಲ್ಲಿ ತಳ್ಳಿಹಾಕಿ, ಪರಿಹಾರ ಕೊಡಿಸಿತು. ಆ ತೀರ್ಪು ಇಲ್ಲಿಗೆ ಅನ್ವಯ ಆಗಲ್ಲ, ನಿಜ. ಆದರೆ ನಮ್ಮಲ್ಲೂ ದಾರಿ ಇದೆ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮೆ ದೂರುಗಳನ್ನು ಇತ್ಯರ್ಥ ಮಾಡುವ ವಿಮಾ ಓಂಬುಡ್ಸ್‌ಮನ್‌ ಹತ್ತಿರ ಹೋಗಬಹುದು. ಫೀಸಿಲ್ಲ, ವಕೀಲರೂ ಬೇಡ. ಬೆಂಗಳೂರಿನ ಕಚೇರಿ ಜೆ.ಪಿ. ನಗರದಲ್ಲಿದೆ. ನಾನು ಚಾಟ್ ಪ್ರತಿ ಲಗತ್ತಿಸಿ ಅಲ್ಲಿಗೆ ದೂರು ಕೊಟ್ಟಿದ್ದೇನೆ.

ಅಮ್ಮ ಈಗ ಕನ್ನಡಕವಿಲ್ಲದೆ ಟಿವಿ ನೋಡುತ್ತಾಳೆ. ಎಡಗಣ್ಣಿಗೂ ಪೊರೆ ಶುರುವಾಗಿದೆ. 24 ತಿಂಗಳು ತುಂಬುವ ತಾರೀಖನ್ನು ಪಾಲಿಸಿ ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ.