ಫ್ಯೂಸ್ ಪದೇ ಪದೇ ಹೋದರೆ: ಮಲ್ಟಿಮೀಟರಾ, ಸೀರೀಸ್ ಬಲ್ಬಾ?

ದಾವಣಗೆರೆಯಿಂದ ತಮ್ಮನೊಬ್ಬ ಕೇಳಿದ್ದಾನೆ: "ಅಣ್ಣಾ, 12 ವೋಲ್ಟ್ ಡಿಸಿ ಸಪ್ಲೈನಲ್ಲಿ ಫ್ಯೂಸ್ ನಿಲ್ತಾನೇ ಇಲ್ಲ. ಮಲ್ಟಿಮೀಟರ್ ತಗೊಳ್ಳಲಾ, ಸೀರೀಸ್ ಬಲ್ಬ್ ಮಾಡ್ಕೊಳ್ಳಲಾ, ಇಲ್ಲಾ ಹೊಸ ಫ್ಯೂಸ್ ಹಾಕಿ ನೋಡಲಾ?"

ಖರ್ಚಲ್ಲಿ ಫ್ಯೂಸೇ ಅಗ್ಗ. ಒಂದು ಸಲ ಹಾಕಿ ನೋಡು, ಆದರೆ ಅದೇ ಆಂಪಿಯರ್, ಅದೇ ಜಾತಿಯದು. ದೊಡ್ಡ ಟ್ರಾನ್ಸ್‌ಫಾರ್ಮರ್ ಇದ್ದು, ಸ್ಲೋ ಬ್ಲೋ (ಕ್ಷಣದ ಜಾಸ್ತಿ ಕರೆಂಟ್ ತಡೆಯುವ ಫ್ಯೂಸ್) ಜಾಗಕ್ಕೆ ಫಾಸ್ಟ್ (ತಕ್ಷಣ ಹೋಗುವ) ಫ್ಯೂಸ್ ಹಾಕಿದರೆ ಆನ್ ಮಾಡುವಾಗಲೇ ಸುಮ್ನೆ ಹೋಗಬಹುದು. ಎರಡನೆಯದೂ ಹೋಯಿತಾ? ನಿಲ್ಲಿಸು. ಫ್ಯೂಸ್ ಬದಲು ತಂತಿ ಸುತ್ತುವ ಕೆಲಸವಂತೂ ಬೇಡಪ್ಪಾ.

ಸೀರೀಸ್ ಬಲ್ಬ್ ಅಂದರೆ ಸಪ್ಲೈಗೆ ಹೋಗುವ ಮೇನ್ಸ್ ಲೈನಿನ ನಡುವೆ ಸರಣಿಯಲ್ಲಿ ಹಾಕುವ ಬಲ್ಬ್. ಅದಕ್ಕೆ ಒಂದು ಹೋಲ್ಡರ್, ಹಳೇ 60 ವ್ಯಾಟ್ ಫಿಲಮೆಂಟ್ ಬಲ್ಬ್ ಸಾಕು. ಎಲ್‌ಇಡಿ ನಡೆಯುವುದಿಲ್ಲ. ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿಯುತ್ತದೆ. ಸರಿಯಿದ್ದರೆ ಒಮ್ಮೆ ಮಿಂಚಿ ಮಂಕಾಗುತ್ತದೆ, ಕೆಪಾಸಿಟರ್ ತುಂಬಿತು ಅಂತ ಅರ್ಥ. ಫ್ಯೂಸ್ ಉಳಿಯುತ್ತದೆ. ಆದರೆ ಯಾವ ಪಾರ್ಟ್ ಹೋಗಿದೆ ಅಂತ ಅದು ಹೇಳುವುದಿಲ್ಲ, ಮೇಲಾಗಿ 230 ವೋಲ್ಟ್ ಜೊತೆ ಆಟ.

ಮಲ್ಟಿಮೀಟರ್‌ಗೆ ದುಡ್ಡು ಜಾಸ್ತಿ. ಆದರೆ ಪ್ಲಗ್ ಕಿತ್ತೇ ಕೆಲಸ. ಬ್ರಿಡ್ಜ್‌ನ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್‌ಗಳ ಜೋಡಣೆ) ಡಯೋಡ್ ಎರಡೂ ದಿಕ್ಕಲ್ಲಿ ಸೊನ್ನೆ ಹತ್ತಿರ ತೋರಿಸಿದರೆ ಕಳ್ಳ ಅಲ್ಲೇ ಇರಬಹುದು. ಡಯೋಡಿನ ಒಂದು ಕಾಲು ಬಿಚ್ಚಿ ಖಚಿತ ಮಾಡಿಕೋ. ಎಸ್‌ಎಂಪಿಎಸ್ (ದೊಡ್ಡ ಟ್ರಾನ್ಸ್‌ಫಾರ್ಮರ್ ಇಲ್ಲದ ಸ್ವಿಚಿಂಗ್ ಸಪ್ಲೈ) ಆದರೆ ಕೆಪಾಸಿಟರ್ ಮೊದಲು ಖಾಲಿ ಮಾಡು, ಅದರಲ್ಲಿ 325 ವೋಲ್ಟ್‌ವರೆಗೂ ಉಳಿದಿರಬಹುದು.

ಹೊಸಬನಾದರೆ ಮೀಟರ್ ತಗೋ. ವಾರಕ್ಕೆ ನಾಲ್ಕು ಸಪ್ಲೈ ರಿಪೇರಿಗೆ ಬರುತ್ತವೆ ಅಂದರೆ ಬಲ್ಬೂ ಬೇಕು: ಮೀಟರ್‌ನಲ್ಲಿ ಸರಿಯಾಗಿ ಕಂಡು, ಕರೆಂಟ್ ಕೊಟ್ಟಾಗ ಮಾತ್ರ ಕೈಕೊಡುವ ಪಾರ್ಟ್‌ಗಳೂ ಇರುತ್ತವೆ.