ಸ್ಪ್ರಿಂಗ್ ಏರ್ ರೈಫಲ್‌ಗೆ .177 ಸರಿಯೋ .22 ಸರಿಯೋ? ನಾಲ್ಕೂ ಕ್ಯಾಲಿಬರ್ ಹೊಡೆದು ನೋಡಿ ಬರೆದದ್ದು

ಸ್ಪ್ರಿಂಗ್ ರೈಫಲ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಕೇಳುವುದು ಒಂದೇ ಮಾತು: ".22 ಅಂದ್ರೆ ಪವರ್ ಜಾಸ್ತಿ ಅಲ್ವಾ?" ಅಲ್ಲ. .177, .22 ಅನ್ನುವುದು ಕ್ಯಾಲಿಬರ್, ಅಂದ್ರೆ ಇಂಚಿನಲ್ಲಿ ಬ್ಯಾರೆಲ್ ತೂತಿನ ಅಗಲ. ಒಂದೇ ಮಾಡೆಲ್‌ನ .177 ತಗೊಳ್ಳಿ, .22 ತಗೊಳ್ಳಿ, ಒಳಗಿರುವುದು ಹೆಚ್ಚುಕಮ್ಮಿ ಅದೇ ಸ್ಪ್ರಿಂಗು, ಅದೇ ಪಿಸ್ಟನ್ನು, ಅದೇ ಸಿಲಿಂಡರು. ನೀವು ಬ್ಯಾರೆಲ್ ಬಗ್ಗಿಸಿ ಸ್ಪ್ರಿಂಗ್ ಒತ್ತುವಾಗ ತೋಳಿನಿಂದ ಎಷ್ಟು ಶಕ್ತಿ ತುಂಬುತ್ತೀರೋ ಅದರಲ್ಲೇ ಪೆಲೆಟ್ (ಸೀಸದ ಪುಟ್ಟ ಗುಂಡು) ಓಡಬೇಕು, ಅದರಲ್ಲೂ ದೊಡ್ಡ ಪಾಲು ಬಿಸಿಯಾಗಿ, ಒದೆತವಾಗಿ, ಸ್ಪ್ರಿಂಗ್‌ನ ನಡುಕವಾಗಿ ಹೋಗಿಬಿಡುತ್ತದೆ. ಉಳಿದದ್ದನ್ನ ಸಣ್ಣ ಪೆಲೆಟ್‌ಗೆ ಕೊಟ್ಟು ಜೋರಾಗಿ ಓಡಿಸಬೇಕಾ, ದಪ್ಪ ಪೆಲೆಟ್‌ಗೆ ಕೊಟ್ಟು ನಿಧಾನವಾಗಿ ಕಳಿಸಬೇಕಾ? ಕ್ಯಾಲಿಬರ್ ಆರಿಸುವುದು ಅಂದ್ರೆ ಅಷ್ಟೇ.

ಒತ್ತಿದ ಗಾಳಿಯನ್ನ ಮೊದಲೇ ತುಂಬಿಸಿಡುವ ಪಿಸಿಪಿ ರೈಫಲ್‌ನಲ್ಲಿ ಈ ಲೆಕ್ಕ ಬೇರೆ. ಅಲ್ಲಿ ಗಾಳಿ ಜಾಸ್ತಿ ಬಿಟ್ಟರೆ ಪವರ್ ಜಾಸ್ತಿ. ಆ ರೈಫಲ್‌ಗಳ ಬಗ್ಗೆ ಬರೆದ ಸಲಹೆಯನ್ನ ಸ್ಪ್ರಿಂಗ್ ರೈಫಲ್‌ಗೆ ತಂದು ಅಂಟಿಸುವವರೇ ಜಾಸ್ತಿ, ಅದಕ್ಕೇ ಇದನ್ನ ಬರೆಯಬೇಕು ಅನಿಸಿತು.

ಮೊದಲು ಅಳತೆ ಹೇಳಿಬಿಡುತ್ತೇನೆ. .177 ಅಂದ್ರೆ 4.5 ಮಿ.ಮೀ., .20 ಅಂದ್ರೆ 5 ಮಿ.ಮೀ., .22 ಅಂದ್ರೆ 5.5 ಮಿ.ಮೀ., .25 ಅಂದ್ರೆ 6.35 ಮಿ.ಮೀ. ನೋಡೋಕೆ ಮಿಲಿಮೀಟರ್ ಆಟ, ಆದರೆ ತೂಕದಲ್ಲಿ ಅಂತರ ದೊಡ್ಡದು. ನಾನು ಹೋಲಿಸಿದ್ದು ಜೆಎಸ್‌ಬಿ ಕಂಪನಿಯ ಪೆಲೆಟ್‌ಗಳನ್ನ: .177ರಲ್ಲಿ 8.44 ಗ್ರೇನ್, .20ರಲ್ಲಿ 13.73, .22ರಲ್ಲಿ 15.89, .25ರಲ್ಲಿ 25.39. ಒಂದು ಗ್ರಾಂಗೆ ಸುಮಾರು ಹದಿನೈದೂವರೆ ಗ್ರೇನ್. ಹಾಗಾಗಿ .22ರ ಪೆಲೆಟ್ ಒಂದು ಗ್ರಾಂ ದಾಟುತ್ತದೆ, .177ರದ್ದು ಅರ್ಧ ಗ್ರಾಂಗಿಂತ ಸ್ವಲ್ಪ ಮೇಲೆ.

ರೈಫಲ್‌ಗಳು: .177 ಮತ್ತು .22 ಎರಡೂ ವೈರೌಖ್ ಕಂಪನಿಯ ಎಚ್‌ಡಬ್ಲ್ಯು 95. .20 ಮತ್ತು .25 ಎರಡೂ ಎಚ್‌ಡಬ್ಲ್ಯು 80, ಸ್ನೇಹಿತರದ್ದು. ಎಲ್ಲವೂ 16 ಜೂಲ್ ಆಸುಪಾಸಿನವು, ಅಂದ್ರೆ ಬ್ಯಾರೆಲ್ ಬಿಡುವಾಗ ಪೆಲೆಟ್‌ನಲ್ಲಿರುವ ಶಕ್ತಿ ಅಷ್ಟು. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ 12 ಫುಟ್-ಪೌಂಡ್ ಮಿತಿ ಅಂದ್ರೆ ಇದೇ 16 ಜೂಲ್ ಚಿಲ್ಲರೆ, ಅದಕ್ಕೇ ಅಷ್ಟೊಂದು ರೈಫಲ್‌ಗಳು ಈ ಅಂಕಿಯ ಸುತ್ತಲೇ ತಯಾರಾಗುತ್ತವೆ. ನಿಮ್ಮ ದೇಶದ ಕಾನೂನು ಬೇರೆ ಇರಬಹುದು. ಕೆಲವು ಕಡೆ ಕ್ಯಾಲಿಬರ್ ಮೇಲೇ ಮಿತಿ ಇರುತ್ತದೆ, ಆಗ ಈ ಚರ್ಚೆಯೇ ಬೇಡ, ಅದನ್ನ ಮೊದಲು ನೋಡಿಕೊಳ್ಳಿ.

ಈಗ ವೇಗ. 16 ಜೂಲ್‌ನಲ್ಲಿ .177 ಪೆಲೆಟ್ ಸೆಕೆಂಡಿಗೆ 240 ಮೀಟರ್ ಹತ್ತಿರ ಓಡುತ್ತದೆ. .20 ಸುಮಾರು 190. .22 ಸುಮಾರು 175. .25 ಬರೀ 140. ವೇಗ ಅಳೆಯುವ ಕ್ರೋನೋಗ್ರಾಫ್ ಇಲ್ಲದವರೂ ತೂಕ ಮತ್ತು ಜೂಲ್ ಇಟ್ಟುಕೊಂಡು ಇದನ್ನ ಲೆಕ್ಕ ಹಾಕಬಹುದು. ಕಾಗದದ ಲೆಕ್ಕಕ್ಕೂ ಅಳತೆಗೂ ದೊಡ್ಡ ವ್ಯತ್ಯಾಸ ಬರಲಿಲ್ಲ.

ವೇಗ ಅಂದ್ರೆ ಹೊಡೆತ ಜೋರು ಅಂತ ತಿಳಿಯಬೇಡಿ, ಅದು ಪೆಲೆಟ್ ಎಷ್ಟು ಕೆಳಗಿಳಿಯುತ್ತದೆ ಅನ್ನುವ ವಿಷಯ. 30 ಮೀಟರ್ ಮುಟ್ಟುವಷ್ಟರಲ್ಲಿ .177 ಪೆಲೆಟ್ ಬ್ಯಾರೆಲ್‌ನ ನೇರ ಗೆರೆಯಿಂದ ಸುಮಾರು 9 ಸೆಂ.ಮೀ. ಇಳಿದಿರುತ್ತದೆ, .22 ಸುಮಾರು 16 ಸೆಂ.ಮೀ. "ಅದಕ್ಕೇನು, ಸ್ಕೋಪ್ (ಗುರಿ ನೋಡುವ ದುರ್ಬೀನು) ಸರಿ ಮಾಡಿಕೊಂಡ್ರೆ ಆಯ್ತಲ್ಲ" ಅನ್ನುತ್ತಾರೆ. ಆಯ್ತು, ಆದರೆ ದೂರ ಗೊತ್ತಿದ್ದರೆ ಮಾತ್ರ. ಎರಡನ್ನೂ 30 ಮೀಟರ್‌ಗೆ ಜೀರೋ ಮಾಡಿ, ಅಂದ್ರೆ ಆ ದೂರದಲ್ಲಿ ಗುರಿಗೇ ಬೀಳುವಂತೆ ಸ್ಕೋಪ್ ಹೊಂದಿಸಿ. ಈಗ ಟಾರ್ಗೆಟ್ ನಿಜವಾಗಿ ಇರುವುದು 35ರಲ್ಲಿ, ನೀವು 30 ಅಂದುಕೊಂಡು ಹೊಡೆದಿರಿ. .177 ಸುಮಾರು ಒಂದೂವರೆ ಸೆಂ.ಮೀ. ಕೆಳಗೆ ಬೀಳುತ್ತದೆ. .22 ಎರಡೂವರೆ ಸೆಂ.ಮೀ. ದಾಟಿ ಮೂರರ ಹತ್ತಿರ ಹೋಗುತ್ತದೆ. ಐದು ಮೀಟರ್ ತಪ್ಪು ಅಂದಾಜು ಯಾರಿಗೂ ಆಗುವಂಥದ್ದೇ, ಬರಿಗಣ್ಣಿನಲ್ಲಿ 30ಕ್ಕೂ 35ಕ್ಕೂ ಏನು ಗೊತ್ತಾಗುತ್ತೆ ಹೇಳಿ. ತಗಡಿನ ಡಬ್ಬಕ್ಕೆ ಎರಡೂ ಬೀಳುತ್ತವೆ. ಆದರೆ ಮೂರು ಸೆಂ.ಮೀ. ಅಗಲದ ಉಕ್ಕಿನ ಸ್ಪಿನ್ನರ್ (ಪೆಲೆಟ್ ಬಿದ್ದರೆ ತಿರುಗುವ ಬಿಲ್ಲೆ) ಇಟ್ಟರೆ .177 ಅದರ ಕೆಳ ಅಂಚನ್ನಾದರೂ ಸವರಬಹುದು, .22 ಪೂರ್ತಿ ತಪ್ಪುತ್ತದೆ.

ಫೀಲ್ಡ್ ಟಾರ್ಗೆಟ್ ಸ್ಪರ್ಧೆಗಳಲ್ಲಿ ಹೆಚ್ಚಿನವರು .177 ಹಿಡಿಯುವುದು ಇದೇ ಕಾರಣಕ್ಕೆ. ಅಲ್ಲಿ ಟಾರ್ಗೆಟ್ 55 ಗಜದವರೆಗೂ ಇರುತ್ತದೆ, ದೂರ ಎಷ್ಟು ಅಂತ ಯಾರೂ ಹೇಳುವುದಿಲ್ಲ, ಸ್ಕೋಪ್ ಫೋಕಸ್ ತಿರುಗಿಸಿ ನೀವೇ ಅಂದಾಜು ಮಾಡಬೇಕು. 16 ಜೂಲ್ ಮಿತಿಯೊಳಗೆ ಅಂದಾಜು ಸ್ವಲ್ಪ ತಪ್ಪಿದರೂ ಕೈ ಬಿಡದೆ ಇರುವುದು ಸಣ್ಣ ಪೆಲೆಟ್ಟೇ. 10 ಮೀಟರ್ ಒಲಿಂಪಿಕ್ ಏರ್ ರೈಫಲ್‌ನಲ್ಲಿ ಆಯ್ಕೆಯೇ ಇಲ್ಲ, ನಿಯಮದ ಪ್ರಕಾರ 4.5 ಮಿ.ಮೀ. ಮಾತ್ರ.

ಗಾಳಿಗೆ .22 ಒಳ್ಳೆಯದು ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ನಾನೂ ಹಾಗೇ ನಂಬಿಕೊಂಡೇ ಹೊಡೆಯಲು ಕೂತದ್ದು. ಅಡ್ಡಗಾಳಿ ಬೀಸುವಾಗ ಎರಡನ್ನೂ ಅಕ್ಕಪಕ್ಕ ಇಟ್ಟು 30 ಮೀಟರ್‌ಗೆ ಹೊಡೆದರೆ ವ್ಯತ್ಯಾಸ ಹೇಳಿಕೊಳ್ಳುವಷ್ಟು ಕಾಣಲಿಲ್ಲ. ಯೋಚಿಸಿದರೆ ಕಾರಣ ಸರಳ. .22 ಪೆಲೆಟ್ ಭಾರ, ಸುಲಭಕ್ಕೆ ಪಕ್ಕಕ್ಕೆ ಹೋಗುವುದಿಲ್ಲ, ನಿಜ. ಆದರೆ ಅದು ದಾರಿಯಲ್ಲಿ ಹೆಚ್ಚು ಹೊತ್ತು ಇರುತ್ತದೆ, ಗಾಳಿಗೆ ತಳ್ಳೋಕೆ ಅಷ್ಟು ಜಾಸ್ತಿ ಸಮಯ ಸಿಗುತ್ತದೆ. ಒಂದರ ಲಾಭವನ್ನ ಇನ್ನೊಂದು ತಿಂದುಹಾಕುತ್ತದೆ. ಪವರ್ ಒಂದೇ ಇರುವಾಗ ಗಾಳಿಯ ಹೆಸರಲ್ಲಿ ಮಾತ್ರ .22 ಕೊಳ್ಳಬೇಡಿ.

ಹಾಗಾದರೆ .22 ಯಾಕೆ ಬೇಕು? ಬೇಕು, ಸುಮ್ನೆ ತಳ್ಳಿಹಾಕುವಂಥದ್ದಲ್ಲ.

ಒಂದು, ಹೊಡೆತದ ತಳ್ಳು. ಜೂಲ್ ಒಂದೇ ಇದ್ದರೂ ಭಾರದ ಪೆಲೆಟ್ ಮುಟ್ಟಿದ್ದನ್ನ ಜಾಸ್ತಿ ತಳ್ಳುತ್ತದೆ. ಲೆಕ್ಕ ಹಾಕಿದರೆ .177ಗಿಂತ ಮೂರನೇ ಒಂದು ಭಾಗಕ್ಕೂ ಮೀರಿ ಜಾಸ್ತಿ. ಖಾಲಿ ಡಬ್ಬ ಸಾಲಾಗಿ ಇಟ್ಟು ನೋಡಿ. .177 ತಗಡಿನಲ್ಲಿ ತೂತು ಮಾಡಿ ಆಚೆ ಹೋಗುತ್ತದೆ, ಡಬ್ಬ ಒಂದಿಷ್ಟು ಅಲ್ಲಾಡಿ ಅಲ್ಲೇ ನಿಂತರೂ ನಿಂತೀತು. .22 ಬಿದ್ದರೆ ಡಬ್ಬ ಎಗರಿ ಹಿಂದೆ ಬೀಳುತ್ತದೆ. ಮಜಾ ಬೇಕು ಅನ್ನುವವರಿಗೆ ಇದು ದೊಡ್ಡ ವಿಷಯ, ನಾನು ಅದನ್ನ ಕಡಿಮೆ ಮಾಡಿ ಹೇಳುವುದಿಲ್ಲ. ನಾನು ಹೊಡೆಯುವುದು ಕಾಗದ, ತಗಡು ಇಷ್ಟೇ, ಬೇಟೆಯ ಲೆಕ್ಕ ಇಲ್ಲಿಲ್ಲ.

ಎರಡು, ಬೆರಳು. ಇದನ್ನ ಯಾರೂ ಮೊದಲೇ ಹೇಳುವುದಿಲ್ಲ. .177 ಪೆಲೆಟ್ ಸಾಸಿವೆ ಹೆಕ್ಕಿದ ಹಾಗೆ. ಚಳಿಯಲ್ಲಿ, ಬೆವರಿದ ಕೈಯಲ್ಲಿ, ತಿರುಗಿಸಿ ಸರಿಯಾದ ಮುಖ ಮುಂದೆ ಮಾಡಿ ಬ್ಯಾರೆಲ್‌ಗೆ ತಳ್ಳುವಷ್ಟರಲ್ಲಿ ಎರಡು ನೆಲಕ್ಕೆ ಬಿದ್ದಿರುತ್ತವೆ. ಬ್ಯಾರೆಲ್ ಬಗ್ಗಿಸುವ ರೈಫಲ್‌ನಲ್ಲಿ ಹೇಗೋ ಆಗುತ್ತದೆ, ಬ್ಯಾರೆಲ್ ಗಟ್ಟಿಯಾಗಿ ಕೂತಿದ್ದು ಕೆಳಗಿನ ಸನ್ನೆ ಎಳೆದು ಸ್ಪ್ರಿಂಗ್ ಒತ್ತುವ ಅಂಡರ್‌ಲಿವರ್ ರೈಫಲ್‌ನಲ್ಲಿ, ಅಂದ್ರೆ ಟಿಎಕ್ಸ್ 200, ಎಚ್‌ಡಬ್ಲ್ಯು 97 ಥರದವುಗಳಲ್ಲಿ, ಸಣ್ಣ ಕಿಂಡಿಯೊಳಗೆ ಬೆರಳು ತೂರಿಸಿ ತುಂಬಬೇಕು. ದಪ್ಪ ಬೆರಳಿನವರಿಗೆ, ಕೈ ನಡುಗುವವರಿಗೆ .22 ನಿಜಕ್ಕೂ ಆರಾಮ.

ಮೂರು, ಇದೇ ಮುಖ್ಯ: ಜಾಸ್ತಿ ಪವರ್‌ನ ರೈಫಲ್. ಇಪ್ಪತ್ತೈದು, ಮೂವತ್ತು ಜೂಲ್‌ನ ಮ್ಯಾಗ್ನಂ ಸ್ಪ್ರಿಂಗ್ ರೈಫಲ್‌ಗಳು ಇವೆಯಲ್ಲ, ಅವುಗಳಿಗೆ .177 ಹಾಕಿದರೆ ಲೆಕ್ಕ ಕೆಡುತ್ತದೆ. 30 ಜೂಲ್ ಪೂರ್ತಿ ಸಿಕ್ಕಿತು ಅಂದುಕೊಂಡರೆ 8.44 ಗ್ರೇನ್ ಪೆಲೆಟ್ ಸೆಕೆಂಡಿಗೆ 330 ಮೀಟರ್ ಓಡಬೇಕಾಗುತ್ತದೆ. ಅದು ಶಬ್ದದ ವೇಗದ ಹೊಸ್ತಿಲು. ನಡು ಸಣ್ಣ, ಹಿಂದೆ ಲಂಗದ ಥರ ಅರಳಿದ ಡಯಾಬೊಲೊ ಪೆಲೆಟ್ ಆ ವೇಗಕ್ಕೆ ಮಾಡಿದ್ದಲ್ಲ. ಹೊಯ್ದಾಡುತ್ತದೆ, ಗುಂಪು (ಒಂದೇ ಗುರಿಗೆ ಹೊಡೆದ ತೂತುಗಳ ಗುಚ್ಛ) ಹರಡುತ್ತದೆ, ಚಟ್ ಅಂತ ಸದ್ದು ಬೇರೆ. ಅದೇ ರೈಫಲ್‌ಗೆ .22 ಹಾಕಿ, 15.89 ಗ್ರೇನ್ ಪೆಲೆಟ್ ಸುಮಾರು 240 ಮೀಟರ್ ವೇಗದಲ್ಲಿ ಹೋಗುತ್ತದೆ. ಈ ಅಂಕಿ ಎಲ್ಲೋ ನೋಡಿದ ಹಾಗಿದೆ ಅಲ್ವಾ? 16 ಜೂಲ್‌ನ .177 ಓಡಿದ್ದೂ ಇದೇ ವೇಗದಲ್ಲಿ. ನಾನು ಕ್ಯಾಲಿಬರ್ ನೋಡುವ ಮೊದಲು ಜೂಲ್ ಕೇಳುವುದು ಅದಕ್ಕೇ.

ರೈಫಲ್ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ "1250 ಎಫ್‌ಪಿಎಸ್" (ಸೆಕೆಂಡಿಗೆ ಅಡಿ) ಥರದ ಅಂಕಿಗಳನ್ನ ಓದಿ ಮರುಳಾಗಬೇಡಿ. ಹಗುರ ಲೋಹದ ಪೆಲೆಟ್ ಹಾಕಿ ಪಡೆದ ವೇಗ ಅದು, ಗುರಿಗೆ ಅದರಿಂದ ಮೂರು ಕಾಸಿನ ಪ್ರಯೋಜನ ಇಲ್ಲ.

ಕೆಳಗಿನ ತುದಿಯಲ್ಲೂ ಇದೇ ತರ್ಕ ಉಲ್ಟಾ ಓಡುತ್ತದೆ. ಜರ್ಮನಿಯಲ್ಲಿ ಲೈಸೆನ್ಸ್ ಬೇಡದ ರೈಫಲ್‌ಗಳು 7.5 ಜೂಲ್‌ನವು. ಎಚ್‌ಡಬ್ಲ್ಯು 30 ಥರದ ಪುಟ್ಟ ರೈಫಲ್‌ಗಳು ಆ ಮಟ್ಟದವು, ನನಗೆ ತುಂಬಾ ಇಷ್ಟ, ಬಗ್ಗಿಸಲು ಸುಲಭ, ಒದೆತ ಇಲ್ಲ ಅನ್ನುವಷ್ಟು. ಅದಕ್ಕೆ .22ರ ಭಾರದ ಪೆಲೆಟ್ ಹಾಕಿದರೆ ಸೆಕೆಂಡಿಗೆ 120 ಮೀಟರ್, ಕಣ್ಣಿಗೇ ಕಾಣುವಂತೆ ಕಮಾನು ಹೊಡೆದು ಹೋಗುತ್ತದೆ. .177 ಆದರೆ 165 ಸಿಗುತ್ತದೆ. ಸಣ್ಣ ರೈಫಲ್‌ಗೆ .177 ಬಿಟ್ಟು ಬೇರೇನೂ ಯೋಚಿಸಬೇಡಿ.

ಒದೆತದ ವಿಷಯಕ್ಕೆ ಬಂದರೆ, ಸ್ಪ್ರಿಂಗ್ ರೈಫಲ್ ಎರಡು ಸಲ ಒದೆಯುತ್ತದೆ. ಪಿಸ್ಟನ್ ಮುಂದೆ ನುಗ್ಗುವಾಗ ರೈಫಲ್ ಹಿಂದೆ, ಪಿಸ್ಟನ್ ತನ್ನ ಮುಂದೆ ಒತ್ತಿಹೋದ ಗಾಳಿಯ ದಿಂಬಿಗೆ ಬಡಿದು ನಿಂತಾಗ ರೈಫಲ್ ಮುಂದೆ. ಇದೆಲ್ಲ ಪೆಲೆಟ್ ಇನ್ನೂ ಬ್ಯಾರೆಲ್ ಒಳಗೇ ಇರುವಾಗ ಶುರುವಾಗಿರುತ್ತದೆ, ಹಾಗಾಗಿ ರೈಫಲನ್ನ ಬಿಗಿಹಿಡಿದರೆ ಗುಂಪು ಕೆಡುತ್ತದೆ, ಅಂಗೈ ಮೇಲೆ ಸಡಿಲವಾಗಿ ಕೂರಿಸಬೇಕು. ಯಾವ ಕ್ಯಾಲಿಬರ್ ಮೆತ್ತಗೆ ಒದೆಯುತ್ತದೆ ಅಂತ ಕೇಳಿದರೆ, ನನ್ನ ಅನುಭವದಲ್ಲಿ ಕ್ಯಾಲಿಬರ್‌ಗಿಂತ ಪೆಲೆಟ್ ತೂಕವೇ ಜಾಸ್ತಿ ಮಾತಾಡುತ್ತದೆ. ತೀರಾ ಹಗುರ ಪೆಲೆಟ್ ಬೇಗ ಹೊರಟುಬಿಡುತ್ತದೆ, ಪಿಸ್ಟನ್‌ಗೆ ದಿಂಬು ಉಳಿಯದೆ ಹೋಗಿ ಬಡಿಯುತ್ತದೆ. ತೀರಾ ಭಾರ ಆದರೆ ಪಿಸ್ಟನ್ ಪುಟಿದು ವಾಪಸ್ ಬರುತ್ತದೆ, ಪವರ್ ಕೂಡ ಕಳೆಯುತ್ತದೆ. ಎಚ್‌ಡಬ್ಲ್ಯು 95ಕ್ಕೆ .177ರಲ್ಲೇ 10.5 ಗ್ರೇನ್ ಹಾಕಿ ನೋಡಿದೆ, ಭುಜಕ್ಕೆ ಒರಟಾಯಿತು, ಗುಂಪೂ ಅಗಲವಾಯಿತು. 8ರ ಆಸುಪಾಸಿಗೆ ವಾಪಸ್ ಬಂದೆ. ಹಾಂ, ಸ್ಕೋಪ್ ಕೊಳ್ಳುವಾಗ ಸ್ಪ್ರಿಂಗ್ ರೈಫಲ್‌ಗೆ ತಡೆಯುವಂಥದ್ದೇ ಕೇಳಿ ತಗೊಳ್ಳಿ, ಈ ಮುಂದಿನ ಒದೆತ ಸಾದಾ ಸ್ಕೋಪ್‌ಗಳ ಜೀವ ತೆಗೆಯುತ್ತದೆ.

ಇನ್ನು .20. ಅಮೆರಿಕದ ಶೆರಿಡನ್ 1947ರಲ್ಲಿ 5 ಮಿ.ಮೀ. ರೈಫಲ್ ತಂದಾಗಿನಿಂದ ಇದಕ್ಕೆ ಒಂದು ಸಣ್ಣ ಅಭಿಮಾನಿ ಬಳಗ ಇದೆ. ಹೊಡೆದು ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ಬೆರಳಿಗೆ ಸಿಗುತ್ತದೆ, ಇಳಿತ .22ಗಿಂತ ಕಡಿಮೆ, ಡಬ್ಬವನ್ನೂ ಚೆನ್ನಾಗಿ ಎಗರಿಸುತ್ತದೆ. ಕಷ್ಟ ಇರುವುದು ಪೆಲೆಟ್‌ನಲ್ಲಿ. .177ರಲ್ಲಿ ಹತ್ತಾರು ಬಗೆ ಸಿಗುವಾಗ .20ರಲ್ಲಿ ಬೆರಳೆಣಿಕೆಯಷ್ಟು. ಪ್ರತಿ ಬ್ಯಾರೆಲ್‌ಗೂ ತನ್ನದೇ ರುಚಿ ಇರುತ್ತದೆ, ಇರುವ ಮೂರು ನಾಲ್ಕು ಬಗೆಯೂ ನಿಮ್ಮ ಬ್ಯಾರೆಲ್‌ಗೆ ಒಗ್ಗದಿದ್ದರೆ ಏನು ಮಾಡುತ್ತೀರಿ? ನನಗೆ ಹೊಡೆಯಲು ಖುಷಿ ಕೊಟ್ಟಿತು, ಕೊಳ್ಳಲು ಮನಸ್ಸು ಬರಲಿಲ್ಲ.

.25 ಬಗ್ಗೆ ಜಾಸ್ತಿ ಹೇಳುವುದಿಲ್ಲ. 16 ಜೂಲ್ ಸ್ಪ್ರಿಂಗ್‌ಗೆ 25 ಗ್ರೇನ್ ಪೆಲೆಟ್ ಹೊರಿಸುವುದು ಅನ್ಯಾಯ. 20 ಮೀಟರ್ ಒಳಗೆ ಗೋಡೆಗೆ ಗುದ್ದಿದ ಹಾಗೆ ಬೀಳುತ್ತದೆ, ಸದ್ದು ಚೆಂದ, ಆಮೇಲೆ ಎಲ್ಲಿ ಬೀಳುತ್ತದೋ ದೇವರಿಗೇ ಗೊತ್ತು. ಇದು ಪಿಸಿಪಿಯವರ ಕ್ಯಾಲಿಬರ್.

ನನ್ನ ಬಳಿ ಈಗ ದಿನಾ ಹೊರಬರುವುದು .177. 16 ಜೂಲ್‌ವರೆಗಿನ ರೈಫಲ್, ದೂರ ಬದಲಾಗುತ್ತಾ ಇರುವ ಟಾರ್ಗೆಟ್ ಅಂದ್ರೆ ಅದೇ ನನ್ನ ಉತ್ತರ. ಒಂದೇ ದೂರಕ್ಕೆ, 20 ಮೀಟರ್ ಆಚೀಚೆ, ಮನೆಯವರೆಲ್ಲ ಸೇರಿ ಡಬ್ಬ ಉರುಳಿಸಲು ಅಂದ್ರೆ .22 ತಗೊಳ್ಳಿ, ಬೇಜಾರಾಗುವುದಿಲ್ಲ. 20 ಜೂಲ್ ದಾಟಿದ ರೈಫಲ್ ಆದರೆ .22, ಎರಡನೇ ಮಾತಿಲ್ಲ. ಯಾವುದನ್ನೇ ಹೊಡೆಯಿರಿ, ಹಿಂದೆ ಪೆಲೆಟ್ ತಡೆಯುವ ಗಟ್ಟಿ ತಡೆ ಇರಲಿ, ಕಣ್ಣಿಗೆ ಕನ್ನಡಕ ಇರಲಿ, ಸೀಸ ಮುಟ್ಟಿದ ಕೈ ತೊಳೆಯದೆ ಏನೂ ತಿನ್ನಬೇಡಿ.

ಈಗಾಗಲೇ .22 ಕೊಂಡವರು ರೈಫಲ್ ಮಾರಲು ಓಡಬೇಡಿ, ಮೊದಲು ಪೆಲೆಟ್ ಬದಲಿಸಿ. 15.89 ಬಿಟ್ಟು 13.43 ಗ್ರೇನ್‌ನದ್ದು ಹಾಕಿದರೆ ಅದೇ 16 ಜೂಲ್‌ಗೆ ವೇಗ ಸೆಕೆಂಡಿಗೆ 190 ಮೀಟರ್ ಮುಟ್ಟುತ್ತದೆ, ಅಂದ್ರೆ .20ರ ಜೊತೆ ಸರಿಸಮ. ಪೆಲೆಟ್‌ನ ತಲೆಯ ಅಳತೆಯೂ ಡಬ್ಬದ ಮೇಲೆ ಇರುತ್ತದೆ, .177ರಲ್ಲಿ 4.50, 4.51, 4.52 ಅಂತ. ಎರಡು ಮೂರು ಅಳತೆ ತಂದು, ಪ್ರತಿ ಸಲ ಬದಲಿಸಿದಾಗ ಹತ್ತಿಪ್ಪತ್ತು ಗುಂಡು ಸುಮ್ನೆ ಹೊಡೆದು ಬ್ಯಾರೆಲ್ ಒಗ್ಗಿದ ಮೇಲೆ ಗುಂಪು ಅಳೆಯಿರಿ.